ಮುಂದ ಯಾವ ಅನಿಮೆ ನೋಡ್ಲಿ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಮೊದಲು ನಿಶ್ಚಯಿಸಿಕೊಳ್ಳಬೇಕಾದದ್ದು ಬಣ್ಣ ಬೇಕೋ, ಖಾರ ಬೇಕೋ ಎಂಬುದನ್ನು. ಬಣ್ಣಕ್ಕಾದರೆ ಬ್ಯಾಡಗಿ ಡಬ್ಬಿ, ಖಾರಕ್ಕಾದರೆ ಗುಂಟೂರಿನದು. ಹಲಗೇರಿಯಿಂದ ರಾಣೆಬೆನ್ನೂರಿನ ಕಾಲೇಜಿಗೆ ಹೋಗುವ ಹುಡುಗ ‘ಡೆತ್ ನೋಟ್ ಮುಗೀತು, ಮುಂದ ಯಾವ್ದು ನೋಡ್ಲಿ?’ ಎಂದಾಗಲೂ ಹೀಗೇ ಶುರು ಮಾಡಬೇಕು: ‘ಅದರಾಗ ಏನು ಚಲೋ ಅನಿಸ್ತು?’

ಆ್ಯಪ್‌ಗಳ ಶಿಫಾರಸು ಹೆಚ್ಚಾಗಿ ಎರಡು ಲೆಕ್ಕದ ಮೇಲೆ ನಡೆಯುತ್ತದೆ. ನೀವು ನೋಡಿದ್ದನ್ನೇ ನೋಡಿದವರು ಮತ್ತೇನು ನೋಡಿದರು ಎಂಬುದು ಒಂದು; ಸಾಹಸ, ಹಾಸ್ಯ, ಭಯಾನಕ ಎಂಬ ವಿಂಗಡಣೆ ಇನ್ನೊಂದು. ಯಾವ ದೃಶ್ಯಕ್ಕೆ ನಿಮ್ಮ ಕಣ್ಣು ತುಂಬಿತು ಎಂದು ಕೇಳುವವರು ಗೆಳೆಯರೇ.

ಕಾರಣ ಹಿಡಿಯಿರಿ

2006ರ ‘ಡೆತ್ ನೋಟ್’ 37 ಕಂತಿನ ಸರಣಿ. ಅದರ ಎದುರಾಳಿಗಳಾದ ಲೈಟ್ ಮತ್ತು ಎಲ್ ನಡುವಿನ ಬುದ್ಧಿಯ ಜಿದ್ದು ಹಿಡಿಸಿದ್ದರೆ ‘ಕೋಡ್ ಗಿಯಾಸ್’ ಹೇಳಿ. ಕೆಟ್ಟವರನ್ನು ಕೊಲ್ಲುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆ ಕಾಡಿದ್ದರೆ ‘ಮಾನ್‌ಸ್ಟರ್’ ಹೇಳಿ. ತಾನೇ ಬದುಕಿಸಿದ ಬಾಲಕ ಕೊಲೆಗಾರನಾದದ್ದನ್ನು ಕಂಡ ವೈದ್ಯನ ಕತೆ ಅದು.

ಬರೆದವರನ್ನು ಹಿಂಬಾಲಿಸಿ

‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಮೆಚ್ಚಿದವರಿಗೆ ಮತ್ತೊಂದು ಕಾದಾಟದ ಕತೆಯೇ ಬೇಕೆಂದಿಲ್ಲ. ಅದರ ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಬರೆದ ಹಿರೋಮು ಅರಕಾವಾ ಹೊಕ್ಕೈಡೊದ ಹೈನುಗಾರರ ಮಗಳು. ಅವರದೇ ‘ಸಿಲ್ವರ್ ಸ್ಪೂನ್’ (2013) ಕೃಷಿ ಶಾಲೆ ಸೇರಿದ ಪಟ್ಟಣದ ಹುಡುಗನ ಕತೆ. ಮಾಂಸಕ್ಕೆಂದೇ ಸಾಕುವ ಹಂದಿಮರಿಯ ಮೇಲೆ ಅವನಿಗೆ ಜೀವ. ಏನನ್ನು ಪಡೆದರೂ ಅದರ ಬೆಲೆ ತೆರಬೇಕು ಎಂಬ ಮಾತು ಎರಡೂ ಕತೆಗಳ ಒಳಗಿದೆ. ದನ, ಕುರಿ ಸಾಕಿದ ನಮ್ಮ ಮನೆಗಳಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಅನಿಮೆ ನೋಡದವರಿಗೆ

ಅವರ ಬೇರೆ ಮೆಚ್ಚುಗೆಯಿಂದ ಹೊರಡಿ. ಶಾಲೆ ಮೈದಾನದಲ್ಲಿ ವಾಲಿಬಾಲ್ ಆಡುವವನಿಗೆ ‘ಹೈಕ್ಯೂ’. ಮಕ್ಕಳನ್ನು ಒಬ್ಬಳೇ ಬೆಳೆಸಿದ ತಾಯಿಗೆ ‘ವುಲ್ಫ್ ಚಿಲ್ಡ್ರನ್’ (2012). ಅದರ ತಾಯಿ ಹಳ್ಳಿಗೆ ಬಂದು, ನೆರೆಯವರಿಂದ ಆಲೂಗಡ್ಡೆ ಬೆಳೆಯುವುದನ್ನು ಕಲಿಯುತ್ತಾಳೆ. ಅಜ್ಜನ ಜೊತೆ ಕೂತು ನೋಡಲು ಯುಗೋ ಸಾಕೋ ಮತ್ತು ರಾಮ್ ಮೋಹನ್ ಕೂಡಿ ಮಾಡಿದ ರಾಮಾಯಣವಿದೆ. 1990ರ ದಶಕದ ಈ ಚಿತ್ರ 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೂ ಬಂತು.

ಉದ್ದ, ಭಾಷೆ, ವಯಸ್ಸು

ಸಾವಿರ ಕಂತು ದಾಟಿದ ‘ಒನ್ ಪೀಸ್’ ಪರೀಕ್ಷೆಯ ತಿಂಗಳಿಗಲ್ಲ. ಆಗ ಎರಡು ತಾಸಿನ ಸಿನಿಮಾ ಸಾಕು. ಕನ್ನಡ ಡಬ್ಬಿಂಗ್ ಅಪರೂಪ. 2025ರಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಹಾಗಾಗಿ ನೋಡುವವರಿಗೆ ಯಾವ ಭಾಷೆ ತಿಳಿಯುತ್ತದೆ, ಸಬ್‌ಟೈಟಲ್ ಓದುವ ವೇಗ ಇದೆಯೇ ಎಂದು ಕೇಳಿಕೊಳ್ಳಿ.

ಸ್ಟುಡಿಯೋ ಹೆಸರು ನೋಡಿ ಮಕ್ಕಳ ಕೈಗೆ ಕೊಡಬೇಡಿ. ಘಿಬ್ಲಿಯ ‘ಮೈ ನೇಬರ್ ಟೊಟೊರೊ’ ಮತ್ತು ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ 1988ರಲ್ಲಿ ಒಂದೇ ದಿನ ಬಿಡುಗಡೆಯಾದವು. ಮೊದಲನೆಯದನ್ನು ಪುಟ್ಟ ಮಕ್ಕಳೂ ನೋಡಬಹುದು. ಎರಡನೆಯದು ಯುದ್ಧದ ಹಸಿವಿಗೆ ಸಿಕ್ಕ ಅಣ್ಣ ತಂಗಿಯ ಕತೆ.

ಕೊನೆಗೆ, ಹತ್ತು ಹೆಸರು ಸುರಿಯದೆ ಒಂದನ್ನೇ ಹೇಳಿ. ಮೂರು ಕಂತಾದ ಮೇಲೆ ಮತ್ತೆ ಕೇಳಿ. ‘ಹಿಡಿಸಲಿಲ್ಲ’ ಎಂದರೆ ಬೇಸರ ಬೇಡ, ಯಾಕೆಂದು ಕೇಳಿ. ಮುಂದಿನ ಹೆಸರು ಆ ಉತ್ತರದಲ್ಲೇ ಸಿಗುತ್ತದೆ.