ಮಕ್ಕಳ ತಲೆಪೆಟ್ಟೂ ವೈದ್ಯರ ತಿಳಿವೂ

ತಲೆಗೆ ಪೆಟ್ಟು ತಗುಲಿದ ಮಗುವಿಗೆ ಮೂರ್ಛೆ ಬಾರದಿದ್ದರೆ ಭಯವಿಲ್ಲವೆಂಬ ನಂಬಿಕೆ ಜನರಲ್ಲಿದೆ; ಬಹುಕಾಲ ವೈದ್ಯರಲ್ಲಿಯೂ ಇದ್ದಿತು. ಆದರೆ ಕನ್‌ಕಷನ್ ಎಂಬ ಈ ಮಿದುಳಿನ ಆಘಾತದಲ್ಲಿ ಎಚ್ಚರ ತಪ್ಪುವವರು ಕೆಲವರೇ. ಇಲ್ಲಿ ಕೆಡುವುದು ಮಿದುಳಿನ ರಚನೆಗಿಂತ ಹೆಚ್ಚಾಗಿ ಅದರ ವ್ಯಾಪಾರ. ಸಿ.ಟಿ. ಚಿತ್ರವು ರಕ್ತಸ್ರಾವವನ್ನು ತೋರಿಸಬಲ್ಲುದೇ ಹೊರತು ಇದನ್ನಲ್ಲ. ಚಿತ್ರ ಚೆನ್ನಾಗಿದೆಯೆಂದು ಮಗುವನ್ನು ಮರುದಿನವೇ ಆಟಕ್ಕೆ ಕಳುಹಿಸುವುದು ತರವಲ್ಲ.

ಅಮೆರಿಕದ ವಾಷಿಂಗ್‌ಟನ್ ಸಂಸ್ಥಾನದಲ್ಲಿ 2006ರಲ್ಲಿ 13 ವರ್ಷದ ಬಾಲಕನೊಬ್ಬನು ಪೆಟ್ಟಿನ ಮೇಲೂ ಫುಟ್‌ಬಾಲ್ ಮುಂದುವರಿಸಿ ಮಿದುಳಿನ ರಕ್ತಸ್ರಾವಕ್ಕೆ ಗುರಿಯಾದನು. 2009ರಲ್ಲಿ ಅಲ್ಲಿ ಬಂದ ಶಾಸನದಂತೆ, ಈ ವಿಷಯದಲ್ಲಿ ತರಬೇತಿ ಪಡೆದ ಚಿಕಿತ್ಸಕನ ಲಿಖಿತ ಅನುಮತಿಯಿಲ್ಲದೆ ಅಂತಹ ಮಗು ಮರಳಿ ಆಡಕೂಡದು. ಅನುಮತಿ ಕೊಡುವವರಿಗೇ ವಿಷಯ ಎಷ್ಟು ತಿಳಿದಿದೆಯೆಂಬ ಪ್ರಶ್ನೆ ಆಗ ಮುಖ್ಯವಾಯಿತು.

ತಿಳಿದವರೂ ಇನ್ನೊಂದು ತುದಿಗೆ ಹೋದದ್ದುಂಟು. ವಾರಗಟ್ಟಲೆ ಕತ್ತಲೆಕೋಣೆಯ ವಿಶ್ರಾಂತಿಯನ್ನು ವಿಧಿಸುವುದು ಮಗುವಿಗೆ ಶಿಕ್ಷೆಯೇ ಸರಿ. ಐದು ದಿನ ಕಟ್ಟುನಿಟ್ಟಾಗಿ ಮಲಗಿದ್ದವರು, ಒಂದೆರಡು ದಿನವಷ್ಟೇ ವಿಶ್ರಮಿಸಿದವರಿಗಿಂತ ಹೆಚ್ಚು ಬಾಧೆಗಳನ್ನು ಹೇಳಿಕೊಂಡರೆಂದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಎರಡು ಮೂರು ದಿನಗಳ ತರುವಾಯ ಕ್ರಮಕ್ರಮವಾಗಿ ಪಾಠಕ್ಕೂ ಚಟುವಟಿಕೆಗೂ ಮರಳಿಸಬೇಕೆಂಬುದು 2018ರ ಅಮೆರಿಕದ ಸರ್ಕಾರೀ ಮಾರ್ಗಸೂಚಿ. ತಲೆನೋವು, ನಿದ್ದೆಗೇಡು, ಸಿಡುಕು, ಪಾಠದ ಮರೆವು ಇವುಗಳನ್ನು ವೈದ್ಯನು ಕೇಳಿಯೇ ತಿಳಿಯಬೇಕು. ಮಾತು ಬಾರದ ಕೂಸಾದರೆ ತಾಯಿಯನ್ನು ಕೇಳಬೇಕು.