ರೆಂಡಾಂಗ್ ಎಂಬ ಭಕ್ಷ್ಯವೂ ವರ್ಜ್ಯಾವರ್ಜ್ಯ ವಿಚಾರವೂ

ಪಶ್ಚಿಮ ಸುಮಾತ್ರದ ಮಿನಂಗಕಬಾವು ಜನರ ರೆಂಡಾಂಗ್ ಎಂಬ ಮಾಂಸಭಕ್ಷ್ಯವು ಈಗ ದೇಶದೇಶಗಳ ಪಾಕಗ್ರಂಥಗಳಲ್ಲಿ ಕಾಣಬರುತ್ತಿದೆ. ಅದರಲ್ಲಿ ಯಾರಿಗೆ ಯಾವುದು ವರ್ಜ್ಯವೆಂಬ ಪ್ರಶ್ನೆಯು ವೈದ್ಯರಿಗೆ ಮಾತ್ರ ಸೇರಿದುದೆಂದು ತೋರಬಹುದು. ಆದರೆ ಪ್ರಮಾದಕ್ಕೆ ಎಡೆಗೊಡುವುದು ಬಹುಮಟ್ಟಿಗೆ ಶಬ್ದವೇ ಆದುದರಿಂದ, ಶಬ್ದಾರ್ಥವನ್ನು ಬೋಧಿಸುವ ನಮಗೂ ಇಲ್ಲಿ ಕರ್ತವ್ಯವುಂಟು.

ಮೊದಲನೆಯದು ಹೆಸರಿನ ವಿಚಾರ. ರೆಂಡಾಂಗ್ ಎಂಬುದು ದ್ರವ್ಯದ ಹೆಸರಲ್ಲ, ಪಾಕಕ್ರಮದ ಹೆಸರು. ಮಾಂಸವನ್ನೂ ಮೆಣಸಿನಕಾಯಿ, ಚಿಕ್ಕ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ದುಂಪರಾಸ್ಮೆ, ಅರಿಸಿನ, ಮಜ್ಜಿಗೆಹುಲ್ಲು ಮೊದಲಾದುವನ್ನೂ ತೆಂಗಿನಹಾಲಿನಲ್ಲಿಟ್ಟು ಸಣ್ಣ ಉರಿಯಲ್ಲಿ ಹಲವು ಗಂಟೆ ತೊಳಸುವರು. ರಸವು ತೆಳ್ಳಗಿರುವಾಗ ಅದು ಗುಲೈ, ಗಟ್ಟಿಯಾದಾಗ ಕಲಿಯೊ, ನೀರೆಲ್ಲ ಇಂಗಿ, ಎಣ್ಣೆ ಬಿಟ್ಟು, ಮಾಂಸವು ಕಪ್ಪಾಗಿ ಬಂದಾಗಲೇ ರೆಂಡಾಂಗ್. ಗೋಮಾಂಸ, ಎಮ್ಮೆಯ ಮಾಂಸಗಳಿಂದ ಮಾಡಿದುದು ಪ್ರಸಿದ್ಧವಾದರೂ, ಮೊಟ್ಟೆಯದೂ, ಲೋಕಾನ್ ಎಂಬ ಚಿಪ್ಪಿನ ಜಲಚರದ್ದೂ, ಎಳೆಹಲಸಿನದೂ ಉಂಟು. ಮೊಟ್ಟೆಯೂ ಚಿಪ್ಪಿನ ಪ್ರಾಣಿಯೂ ಕೆಲವರಿಗೆ ಪ್ರಾಣಾಪಾಯವನ್ನು ತರುವಂಥವು. ಆದುದರಿಂದ ಹೆಸರನ್ನು ಕೇಳಿದ ಮಾತ್ರಕ್ಕೆ ದ್ರವ್ಯವು ತಿಳಿಯಿತೆನ್ನಲಾಗದು.

ಎರಡನೆಯದು ‘ಹಾಲು’ ಎಂಬ ಮಾತು. ತೆಂಗಿನಹಾಲಿನಲ್ಲಿ ಗೋಕ್ಷೀರದ ಲೇಶವೂ ಇಲ್ಲ. ಹಸುವಿನ ಹಾಲು ಒಗ್ಗದವರು ಹೆಸರಿಗಾಗಿ ಇದಕ್ಕೆ ಅಂಜಬೇಕಾಗಿಲ್ಲ. ಆದರೆ ಅಂಥವರಲ್ಲಿ ಕೆಲವರಿಗೆ ಗೋಮಾಂಸವೂ ಒಗ್ಗದು. ಹಾಲೆಂಬ ಶಬ್ದವನ್ನು ಶಂಕಿಸಿ ಮಾಂಸವನ್ನು ನಂಬುವುದು ವಿಪರೀತವಲ್ಲವೇ? ಇನ್ನು ತೆಂಗು: ಅಮೆರಿಕದ ಆಹಾರಾಧಿಕಾರಿಗಳು ಅದನ್ನು ಮರದ ಬೀಜಗಳ ಗಣದಲ್ಲಿ ಎಣಿಸುತ್ತಿದ್ದು, 2025ರ ಜನವರಿಯಲ್ಲಿ ಆ ಗಣದಿಂದ ತೆಗೆದರು. ಯುರೋಪಿನ ಒಕ್ಕೂಟವು 2011ರ ನಿಯಮದಲ್ಲಿ ಹೆಸರಿಸಿದ 14 ದ್ರವ್ಯವರ್ಗಗಳಲ್ಲಿಯೂ ಅದಿಲ್ಲ. ಗಣದಲ್ಲಿಲ್ಲವೆಂದ ಮಾತ್ರಕ್ಕೆ ದೋಷವಿಲ್ಲವೆಂದಲ್ಲ. ವಿರಳವಾಗಿಯಾದರೂ ತೆಂಗು ಒಗ್ಗದವರುಂಟು. ಕೆಲವರು ಅರೆದು ಹಾಕುವ ಕೆಮಿರಿ ಎಂಬ ಎಣ್ಣೆಬೀಜವನ್ನೂ, ಹೊರನಾಡುಗಳಲ್ಲಿ ಕೆಲವರು ಬೆರಸುವ ಸೋಯಾ ರಸವನ್ನೂ ವಿಚಾರಿಸಿಯೇ ತಿಳಿಯಬೇಕು; ಸೋಯಾ ರಸದಲ್ಲಿ ಅನೇಕವೇಳೆ ಗೋಧಿಯೂ ಇರುವುದು.

ಮೂರನೆಯದು ನಿಷೇಧದ ಮಾತು. ‘ತಿನ್ನೆನು’, ‘ತಿನ್ನಬಾರದು’, ‘ತಿನ್ನಲಾರೆನು’ ಎಂಬ ಮೂರಕ್ಕೂ ನಮ್ಮ ವ್ಯಾಕರಣದಲ್ಲಿ ಭೇದವುಂಟು. ಮೊದಲನೆಯದು ರುಚಿಯನ್ನು, ಎರಡನೆಯದು ಶಾಸ್ತ್ರವನ್ನು, ಮೂರನೆಯದು ಶರೀರವನ್ನು ಹೇಳುವುದು. ಮಿನಂಗಕಬಾವು ಜನರು ಮುಸಲ್ಮಾನರು. ವಿಧಿಪೂರ್ವಕವಾಗಿ ಕೊಯ್ಯದ ಪಶುವಿನ ಮಾಂಸವು ಅವರಿಗೆ ‘ಬಾರದು’. ಆಚಾರನಿಷ್ಠ ಹಿಂದೂಗಳಿಗೆ ಗೋಮಾಂಸವೇ ‘ಬಾರದು’. ಉಣ್ಣಿಯ ಕಡಿತದಿಂದ ಪಶುಮಾಂಸ ಒಗ್ಗದೆಹೋದವನಿಗಾದರೋ, ಯಾವ ವಿಧಿಯಿಂದ ಕೊಯ್ದರೂ, ಎಷ್ಟು ಹೊತ್ತು ಬೇಯಿಸಿದರೂ, ಅದು ‘ಆಗದು’. ಉಂಡು 2ರಿಂದ 6 ಗಂಟೆಗಳ ಮೇಲೆ ಪೀಡೆ ತೋರುವುದರಿಂದ ಕಾರಣವು ಊಹೆಗೂ ನಿಲುಕದು. ಬಡಿಸುವವನು ಮೂರನ್ನೂ ರುಚಿಯೆಂದೇ ತಿಳಿದು ಮಾಂಸದ ತುಂಡನ್ನು ಮಾತ್ರ ತೆಗೆದು ರಸವನ್ನು ಬಡಿಸಿದರೆ ಒಬ್ಬನ ವ್ರತವು ಕೆಡುವುದು, ಮತ್ತೊಬ್ಬನ ಪ್ರಾಣಕ್ಕೆ ಬರುವುದು.

ಕಡೆಗೆ ಪರಿಭಾಷೆ. ‘ಅಲರ್ಜಿ’ ಎಂಬ ಶಬ್ದವನ್ನು 1906ರಲ್ಲಿ ವಿಯೆನ್ನದ ವೈದ್ಯನಾದ ಪಿರ್ಕೆಯು ಗ್ರೀಕ್ ಧಾತುಗಳಿಂದ ಕಟ್ಟಿದನು. ಚರಕಸಂಹಿತೆಯ ‘ಅಸಾತ್ಮ್ಯ’ವನ್ನು ಇದಕ್ಕೆ ಪರ್ಯಾಯವಾಗಿ ಬಳಸುವ ಆಸೆ ನನಗೂ ಇದ್ದಿತು. ಆದರೆ ಸಾತ್ಮ್ಯವು ಅಭ್ಯಾಸದಿಂದ ಸಿದ್ಧಿಸುವುದೆಂಬುದು ಆಯುರ್ವೇದದ ಮತ. ಈ ಶಬ್ದವನ್ನು ನಂಬಿ ಒಗ್ಗದವನೊಬ್ಬನು ತಾನಾಗಿಯೇ ದಿನಕ್ಕಿಷ್ಟರಂತೆ ಅಭ್ಯಾಸಕ್ಕೆ ತೊಡಗಿದರೆ ಅನರ್ಥವಾದೀತು. ಆದಕಾರಣ ಪಾಠದಲ್ಲಿಯೂ ಅನುವಾದದಲ್ಲಿಯೂ ‘ಅಲರ್ಜಿ’ಯನ್ನೇ ಉಳಿಸಿಕೊಳ್ಳುವುದು ಲೇಸು. ಸಂಸ್ಕೃತದ ಮೇಲಣ ಅಭಿಮಾನಕ್ಕಿಂತ ಉಣ್ಣುವವನ ಜೀವವು ದೊಡ್ಡದು.