ಲಿನಕ್ಸ್ ಕೇಳದ ಒಂದು ಪ್ರಶ್ನೆ

ಕಳೆದ ದೀಪಾವಳಿಗೆ ಹಾಸ್ಟೆಲ್‌ನಿಂದ ತಡಸಕ್ಕೆ ಬಂದಾಗ ನನ್ನ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿ ತಂಗಿಗೆ ಕೊಟ್ಟೆ. ಅವಳಿಗೆ ಹದಿಮೂರು. ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು, ಮುಗಿಯಿತು.

‘ಅಣ್ಣಾ, ಇದು ನನ್ನ ವಯಸ್ಸ ಕೇಳಲೇ ಇಲ್ಲಲ್ಲ?’ ಅಂದಳು.

‘ಬ್ಯಾಡಾದ್ದು ಕೇಳೂದಿಲ್ಲ, ಅದಕ್ಕ ಇದು ಚಲೋ’ ಅಂದೆ ಜಂಬದಿಂದ.

ಇನ್ನು ಮುಂದೆ ಅದೂ ಕೇಳಬೇಕಾಗಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರ ಅಕ್ಟೋಬರ್‌ನಲ್ಲಿ ಒಂದು ಕಾಯ್ದೆ ಮಾಡಿತು. 2027ರ ಜನವರಿ 1ರಿಂದ ಆಪರೇಟಿಂಗ್ ಸಿಸ್ಟಮ್ಮೇ ಖಾತೆ ತೆರೆಯುವಾಗ ವಯಸ್ಸು ಕೇಳಿ, ಬಳಕೆದಾರ ಯಾವ ವಯೋಗುಂಪಿನವನು ಎಂದು ಆ್ಯಪ್‌ಗಳಿಗೆ ತಿಳಿಸಬೇಕು. ಗುರುತಿನ ಚೀಟಿ ಬೇಡ, ಹೇಳಿದ್ದೇ ವಯಸ್ಸು. ಬೇಕೆಂದೇ ತಪ್ಪಿದರೆ ಒಂದು ಮಗುವಿಗೆ 7,500 ಡಾಲರ್‌ವರೆಗೆ ದಂಡ. ಮೈಕ್ರೋಸಾಫ್ಟ್, ಆಪಲ್‌ಗೆ ಇದು ದೊಡ್ಡ ಮಾತಲ್ಲ. ಬಿಡುವಿನ ವೇಳೆಯಲ್ಲಿ ಪುಕ್ಕಟೆ ಲಿನಕ್ಸ್ ಕಟ್ಟಿಕೊಡುವ ಸ್ವಯಂಸೇವಕರು ಏನು ಮಾಡಬೇಕು? ಅವರು ಆ ಪ್ರಶ್ನೆ ಸೇರಿಸಿದರೂ ನನ್ನಂಥ ವಿದ್ಯಾರ್ಥಿ ಆ ಸಾಲುಗಳನ್ನು ಅಳಿಸಿ ಮತ್ತೆ ಕಂಪೈಲ್ ಮಾಡಬಹುದು. ಕೋಡ್ ತಿದ್ದುವ ಹಕ್ಕನ್ನು ಜಿಪಿಎಲ್ ಪರವಾನಗಿಯೇ ಕೊಟ್ಟಿದೆ.

ಕೇರಳದ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆಯ ಲಿನಕ್ಸ್ ಇದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಲ್ಯಾಬಿನ ಒಂದೇ ಲಾಗಿನ್‌ನಲ್ಲಿ ಹುಡುಗನೂ ಮೇಷ್ಟರೂ ಕೂತರೆ ಯಂತ್ರ ಯಾರ ವಯಸ್ಸು ಹೇಳಬೇಕು?

ನಮ್ಮಲ್ಲೂ ಈ ಮಾತು ಹೊಸದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಸಾಮಾಜಿಕ ಜಾಲತಾಣ ಬಳಕೆಗೆ ವಯೋಮಿತಿ ಇರಬೇಕೆಂದು ಮೌಖಿಕವಾಗಿ ಹೇಳಿತ್ತು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ತುಂಬದವರ ಮಾಹಿತಿ ಬಳಸಲು ಪಾಲಕರ ಪರಿಶೀಲಿತ ಒಪ್ಪಿಗೆ ಬೇಕೆನ್ನುತ್ತದೆ. ಹಾಗಿದ್ದರೆ ಕಂಪ್ಯೂಟರ್ ತೆರೆಯಲೂ ಆಧಾರ್ ತೋರಿಸೋಣವೇ? ನಮ್ಮ ಅಪ್ಪನ ಜನ್ಮದಿನಾಂಕ ಜೂನ್ 1. ದೊಡ್ಡಪ್ಪನದೂ ಜೂನ್ 1, ಪಕ್ಕದ ಮನೆಯ ಕಾಕಾನದೂ ಅದೇ. ಎಲ್ಲವೂ ಸಾಲಿಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡದ್ದು!

ಇದನ್ನೆಲ್ಲ ಹಾಸ್ಟೆಲ್‌ನಲ್ಲಿ ಗಂಟೆಗಟ್ಟಲೆ ವಾದಿಸಿದವನು ನಾನು. ಸಂಕ್ರಾಂತಿಗೆ ಊರಿಗೆ ಬಂದೆ. ರಾತ್ರಿ ಊಟವಾದ ಮೇಲೆ ತಂಗಿ ಲ್ಯಾಪ್‌ಟಾಪ್ ತಂದು ಮುಂದಿಟ್ಟು, ಏನೂ ಹೇಳದೆ ನಿಂತಳು. ಒಂದು ಗೇಮ್‌ನ ಚಾಟ್. ಯಾರೋ ಅಪರಿಚಿತ ಐದು ದಿನದಿಂದ ಫೋಟೊ ಕಳಿಸು ಅನ್ನುತ್ತಿದ್ದ. ಆ ಗೇಮ್ ವಯಸ್ಸು ಕೇಳಿತ್ತು, ಅವಳು ಹುಟ್ಟಿದ ವರ್ಷ 2002 ಎಂದು ಹಾಕಿದ್ದಳು. ಫೋಟೊ ಕಳಿಸಿರಲಿಲ್ಲ. ನನ್ನ ಕೈ ಮಾತ್ರ ತಣ್ಣಗಾಗಿತ್ತು. ಅವನನ್ನು ಬ್ಲಾಕ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು, ಅವ್ವನನ್ನು ಕರೆದೆ.

ಆ ರಾತ್ರಿ ನನ್ನ ವಾದ ಅರ್ಧ ಬದಲಾಯಿತು. ಯಂತ್ರ ವಯಸ್ಸು ಕೇಳುವುದಕ್ಕೆ ಈಗ ನನ್ನ ತಕರಾರಿಲ್ಲ, ಉತ್ತರ ಮನೆಯವರ ಕೈಯಲ್ಲಿರಬೇಕು ಮತ್ತು ಚೀಟಿ ಕೇಳಬಾರದು, ಅಷ್ಟೇ. ಗ್ನೋಮ್‌ನಲ್ಲಿ ‘ಪೇರೆಂಟಲ್ ಕಂಟ್ರೋಲ್ಸ್’ ಎಂಬ ಸೌಲಭ್ಯ ಮೊದಲೇ ಇದೆ. ಅದರಲ್ಲಿ ಮಗುವಿನ ಖಾತೆಗೆ ಯಾವ ವಯಸ್ಸಿನ ಆ್ಯಪ್ ಹಾಕಬಹುದೆಂದು ಪಾಲಕರೇ ಗೊತ್ತುಮಾಡಬಹುದು. ಬ್ರೌಸರ್‌ನಲ್ಲಿ ತೆರೆಯುವ ತಾಣಗಳನ್ನು ಅದು ಸೋಸುವುದಿಲ್ಲ, ನಿಜ. ದೀಪಾವಳಿಯಲ್ಲೇ ಅದನ್ನು ಹಾಕಿಕೊಡಲು ನನಗೆ ಹತ್ತು ನಿಮಿಷ ಸಾಕಿತ್ತು.

ಈಗ ತಂಗಿಗೆ ಬೇರೆ ಖಾತೆ, ಅಡ್ಮಿನ್ ಪಾಸ್‌ವರ್ಡ್ ಅವ್ವನಿಗೆ. ಅವ್ವ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳೆ. ತಂಗಿಗೆ ಅದು ಗೊತ್ತು ಅನ್ನುವುದು ನನಗೂ ಗೊತ್ತು.